ಟೆಂಪಲಿನ ವಕೀಲರೂ ಸಿಟಿಯ ವರ್ತಕರೂ

ಲಂಡನ್ನಿನ ಫ್ಲೀಟ್ ಬೀದಿಗೂ ಥೇಮ್ಸ್ ನದಿಗೂ ನಡುವೆ, ಹೊರಗಿನ ಗದ್ದಲ ತಟ್ಟದಂತೆ ಎತ್ತರದ ಕಟ್ಟಡಗಳ ಮರೆಯಲ್ಲಿ ಅಡಗಿಕೊಂಡಿರುವ ಟೆಂಪಲ್ ಎಂಬ ಆವರಣವು ಆರು ಶತಮಾನಗಳಿಗೂ ಮಿಕ್ಕ ಕಾಲದಿಂದ ವಕೀಲರ ಅಗ್ರಹಾರವಾಗಿದೆ. ಅದನ್ನು ಮೊದಲು ಕಟ್ಟಿಸಿದವರು ಜೆರೂಸಲೇಮಿನ ಯಾತ್ರಿಕರ ರಕ್ಷಣೆಗೆಂದು ಕತ್ತಿ ಹಿಡಿದ ಟೆಂಪ್ಲರ್ ಪಂಥದ ಸನ್ಯಾಸಿಯೋಧರು. ಅವರ ದುಂಡಾಕಾರದ ಇಗರ್ಜಿ 1185ರಲ್ಲಿ ಪ್ರತಿಷ್ಠಿತವಾಯಿತು. 1312ರಲ್ಲಿ ಪೋಪನು ಆ ಪಂಥವನ್ನೇ ರದ್ದುಗೊಳಿಸಿದ ಮೇಲೆ ಅವರ ಮನೆಮಠಗಳು ಕೈಯಿಂದ ಕೈಗೆ ಹೋಗಿ, ಕಡೆಗೆ ಬಾಡಿಗೆಗೆ ಬಂದ ನ್ಯಾಯವಾದಿಗಳ ಪಾಲಾದುವು. 1608ರಲ್ಲಿ ಒಂದನೆಯ ಜೇಮ್ಸ್ ದೊರೆ ಸನ್ನದು ಬರೆದುಕೊಟ್ಟು ಆ ನೆಲವನ್ನು ಇನ್ನರ್ ಟೆಂಪಲ್, ಮಿಡ್ಲ್ ಟೆಂಪಲ್ ಎಂಬ ಎರಡು ಸಂಘಗಳಿಗೆ ಸ್ಥಿರಪಡಿಸಿದನು. ಈ ಸ್ಥಳದ ಮಹತ್ತ್ವವಿರುವುದು ಅದರ ಪ್ರಾಚೀನತೆಗಿಂತ ಹೆಚ್ಚಾಗಿ ಅದರ ನೆರೆಹೊರೆಯಲ್ಲಿ. ಪೂರ್ವಕ್ಕೆ ಸಿಟಿ, ಅಂದರೆ ಹಡಗಿನ ಯಜಮಾನರ, ವಿಮೆಗಾರರ, ಸಾಹುಕಾರರ ಪೇಟೆ. ಪಶ್ಚಿಮಕ್ಕೆ ವೆಸ್ಟ್‌ಮಿನ್‌ಸ್ಟರ್, ಅಂದರೆ ರಾಜನ ನ್ಯಾಯಾಸ್ಥಾನ. ಇವೆರಡರ ಮಧ್ಯೆ ನೆಲಸಿದ ಬ್ಯಾರಿಸ್ಟರರಲ್ಲಿ ಕೆಲವರು ವಾಣಿಜ್ಯ ವ್ಯಾಜ್ಯಗಳನ್ನೇ ಜೀವನೋಪಾಯವನ್ನಾಗಿ ಮಾಡಿಕೊಂಡು ಒಂದು ಪ್ರತ್ಯೇಕ ಪರಂಪರೆಯನ್ನು ಬೆಳೆಸಿದರು. ವರ್ತಕರು ವಕೀಲರಿಂದ ತಪ್ಪಿಸಿಕೊಳ್ಳಲು ಹುಡುಕಿದ ದಾರಿಗಳಲ್ಲೆಲ್ಲ ಅವರ ಬೆನ್ನಟ್ಟಿ ಹೋಗಿ ನೆಲೆನಿಂತವರ ವೃತ್ತಾಂತವೇ ಆ ಪರಂಪರೆಯ ಇತಿಹಾಸ.

ವ್ಯಾಪಾರದ ಜಗಳವನ್ನು ವ್ಯಾಪಾರಿಗಳೇ ತೀರಿಸಿಕೊಳ್ಳಬೇಕೆಂಬ ಬಯಕೆ ಯಾವ ಒಂದು ದೇಶದ್ದೂ ಅಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿ ಕುಳಿತು ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು, ಯಾಜ್ಞವಲ್ಕ್ಯನು ಹೇಳಿದ ಕುಲ, ಶ್ರೇಣಿ, ಪೂಗಗಳೆಂಬ ನ್ಯಾಯಸಭೆಗಳನ್ನು ವಿವರಿಸುತ್ತ, ಜಾತಿ ಬೇರೆಯಾದರೂ ಕಸುಬು ಒಂದೇ ಆದವರ ಕೂಟವೇ ಶ್ರೇಣಿಯೆಂದು ಹೇಳಿ, ಕುದುರೆಯ ವ್ಯಾಪಾರಿಗಳನ್ನೂ ಎಲೆಯಡಕೆಯವರನ್ನೂ ನೇಕಾರರನ್ನೂ ಚಮ್ಮಾರರನ್ನೂ ಉದಾಹರಣೆಗೆ ತೆಗೆದುಕೊಳ್ಳುತ್ತಾನೆ. ಅವರ ತೀರ್ಪಿನ ಮೇಲೆ ರಾಜನು ನೇಮಿಸಿದ ಸಭೆಗೆ ಅಪೀಲು ಉಂಟೆಂಬುದನ್ನೂ ಮರೆಯುವುದಿಲ್ಲ. ಆಂಗ್ಲರ ದೇಶದಲ್ಲಿಯೂ ಮಧ್ಯಯುಗದ ಜಾತ್ರೆಗಳಲ್ಲಿ ಇಂಥದೇ ಏರ್ಪಾಡಿತ್ತು. ಊರೂರು ಅಲೆದು ಬಂದ ವ್ಯಾಪಾರಿಗಳ ಧೂಳು ಮೆತ್ತಿದ ಕಾಲಿನಿಂದಲೇ ಹೆಸರು ಪಡೆದ ಆ ಜಾತ್ರೆಯ ಕಟ್ಟೆಗಳಲ್ಲಿ, ಬಟ್ಟೆಯ ಅಳತೆ ಕಡಮೆಯಾಯಿತೆಂದೋ ಕೊಟ್ಟ ಹಣ ಬರಲಿಲ್ಲವೆಂದೋ ಎದ್ದ ತಕರಾರು ಜಾತ್ರೆ ಕಳಚುವುದರೊಳಗೆ ತೀರಿಹೋಗುತ್ತಿತ್ತು. ರಾಜನ ನ್ಯಾಯಾಧೀಶರಿಗೆ ಈ ಸ್ವಾತಂತ್ರ್ಯ ಹಿತವಾಗಿ ಕಾಣಲಿಲ್ಲ. 1609ರ ವೈನಿಯರ್ ಎಂಬಾತನ ಮೊಕದ್ದಮೆಯ ವರದಿಯಲ್ಲಿ ಎಡ್ವರ್ಡ್ ಕೋಕ್ ಎಂಬ ಪ್ರಚಂಡ ನ್ಯಾಯಶಾಸ್ತ್ರಜ್ಞನು, ಮಧ್ಯಸ್ಥನಿಗೆ ಕೊಟ್ಟ ಅಧಿಕಾರವನ್ನು ಕಕ್ಷಿದಾರನು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದೆಂದು ವಿಧಿಸಿಬಿಟ್ಟನು. ಸೋಲುವ ಲಕ್ಷಣ ಕಂಡೊಡನೆ ಎದ್ದುಹೋಗಬಹುದಾದ ಪಂಚಾಯಿತಿಯನ್ನು ನಂಬಿ ಯಾವ ವರ್ತಕನು ತಾನೆ ಒಪ್ಪಂದ ಮಾಡಿಕೊಂಡಾನು? ಈ ಕೊರತೆಯನ್ನು ತುಂಬಲು ವಾಣಿಜ್ಯ ಮಂಡಲಿಯವರು ಮಸೂದೆಯೊಂದನ್ನು ಬರೆದುಕೊಡಬೇಕೆಂದು ಕೇಳಿದುದು, ಆಶ್ಚರ್ಯವೆನ್ನಬಹುದು, ತತ್ತ್ವಜ್ಞಾನಿ ಜಾನ್ ಲಾಕನನ್ನು. 1698ರಲ್ಲಿ ಜಾರಿಗೆ ಬಂದ ಇಂಗ್ಲೆಂಡಿನ ಮೊದಲ ಮಧ್ಯಸ್ಥಿಕೆಯ ಶಾಸನದ ಮೂಲ ಅವನ ಲೇಖನಿಯದು.

ಹದಿನೆಂಟನೆಯ ಶತಮಾನದಲ್ಲಿ ವರ್ತಕರನ್ನು ಮರಳಿ ನ್ಯಾಯಾಲಯದ ಬಾಗಿಲಿಗೆ ಕರೆತಂದವನು ವಿಲಿಯಂ ಮರ್ರೆ, ಅಂದರೆ ಮ್ಯಾನ್ಸ್‌ಫೀಲ್ಡ್ ಪ್ರಭು. ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಹುಡುಗತನದಲ್ಲಿಯೇ ಕುದುರೆಯೇರಿ ಲಂಡನ್ನಿಗೆ ಬಂದು, 1756ರಿಂದ 1788ರ ವರೆಗೆ ಮುಖ್ಯ ನ್ಯಾಯಾಧೀಶನಾಗಿದ್ದ ಈತನು ಸಿಟಿಯ ಅನುಭವಿ ವರ್ತಕರನ್ನು ಆರಿಸಿ ವಿಶೇಷ ಜೂರಿಯಾಗಿ ಕೂರಿಸಿಕೊಂಡು, ಅವರಿಂದ ವ್ಯಾಪಾರದ ವಾಡಿಕೆಗಳನ್ನು ಕೇಳಿ ತಿಳಿದು, ಕೆಲವೊಮ್ಮೆ ಅವರನ್ನು ತನ್ನ ಊಟದ ಮೇಜಿಗೂ ಕರೆದು, ಹಾಗೆ ತಿಳಿದುದನ್ನು ಕಾನೂನಿನ ಸೂತ್ರಗಳನ್ನಾಗಿ ಮಾಡಿದನು. ಅವನ ರೀತಿಯನ್ನು ಕಾಣಲು ಒಂದು ಮೊಕದ್ದಮೆಯನ್ನು ಹತ್ತಿರದಿಂದ ನೋಡಿದರೆ ಸಾಕು. ಸುಮಾತ್ರಾ ದ್ವೀಪದ ಬೆಂಕೂಲೆನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೋಟೆಯೊಂದಿತ್ತು. ಅದರ ಗವರ್ನರನಾದ ಕಾರ್ಟರನು, ಶತ್ರುಗಳು ಕೋಟೆಯನ್ನು ಹಿಡಿದುಕೊಂಡರೆ ತನಗಾಗುವ ನಷ್ಟಕ್ಕೆ ಪ್ರತಿಯಾಗಿ, ಲಂಡನ್ನಿನಲ್ಲಿದ್ದ ತಮ್ಮವರ ಮೂಲಕ ಬೋಮ್ ಎಂಬ ವಿಮೆಗಾರನಲ್ಲಿ 10,000 ಪೌಂಡಿನ ವಿಮೆ ಮಾಡಿಸಿದನು. 1760ರ ಏಪ್ರಿಲಿನಲ್ಲಿ ಫ್ರೆಂಚರ ದೆಸ್ತ್ಯಾಂಗ್ ಕೌಂಟನು ಬಂದು ಕೋಟೆಯನ್ನು ಹಿಡಿದೇಬಿಟ್ಟನು. ಆ ಸುದ್ದಿ ಸಮುದ್ರವನ್ನು ದಾಟುವುದಕ್ಕೆ ಮೊದಲೇ, ಮೇ ತಿಂಗಳಿನಲ್ಲಿ, ಲಂಡನ್ನಿನಲ್ಲಿ ಪಾಲಿಸಿಗೆ ಸಹಿ ಬಿದ್ದಿತ್ತು. ಕೋಟೆ ದುರ್ಬಲವೆಂಬುದನ್ನು ಗವರ್ನರನು ನನ್ನಿಂದ ಮುಚ್ಚಿಟ್ಟನೆಂದು ವಿಮೆಗಾರನು ಹಣ ಕೊಡಲು ಒಪ್ಪಲಿಲ್ಲ. 1766ರಲ್ಲಿ ಮ್ಯಾನ್ಸ್‌ಫೀಲ್ಡನು ಕೊಟ್ಟ ತೀರ್ಪು ಇಂದಿಗೂ ವಿಮಾಶಾಸ್ತ್ರದ ತಳಹದಿ: ವಿಮೆಯ ಒಪ್ಪಂದದಲ್ಲಿ ಉಭಯರೂ ಸಂಪೂರ್ಣ ಪ್ರಾಮಾಣಿಕರಾಗಿರಬೇಕು, ತನಗೊಬ್ಬನಿಗೆ ಗೊತ್ತಿರುವ ಸಂಗತಿಯನ್ನು ಬಚ್ಚಿಡಬಾರದು, ಆದರೆ ಆ ಕೋಟೆಯು ಸ್ಥಳೀಯರ ದಾಳಿಯನ್ನು ತಡೆಯುವುದಕ್ಕೇ ಹೊರತು ಯೂರೋಪಿನ ಫಿರಂಗಿಗಳನ್ನು ಎದುರಿಸುವುದಕ್ಕಲ್ಲವೆಂಬುದು ಪೇಟೆಯಲ್ಲಿ ಕುಳಿತ ಯಾವ ವಿಮೆಗಾರನೂ ವಿಚಾರಿಸಿ ತಿಳಿದಿರಬೇಕಾದ ವಿಷಯ. ಕಾರ್ಟರನು ಗೆದ್ದನು. ನ್ಯಾಯಾಧೀಶನಿಗೆ ಕಾನೂನಿನಷ್ಟೇ ಪೇಟೆಯ ವ್ಯವಹಾರವೂ ಗೊತ್ತಿದ್ದಾಗ ಎಂಥ ತೀರ್ಪು ಹೊರಬೀಳುತ್ತದೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನ ನನಗೆ ತೋರದು.

ಆದರೆ ಮ್ಯಾನ್ಸ್‌ಫೀಲ್ಡರು ಪ್ರತಿ ತಲೆಮಾರಿನಲ್ಲಿಯೂ ಹುಟ್ಟುವುದಿಲ್ಲ. ಮುಂದಿನ ನೂರು ವರ್ಷಗಳಲ್ಲಿ ಉಗಿಹಡಗೂ ತಂತಿಸಮಾಚಾರವೂ ಬಂದು ವ್ಯಾಪಾರದ ವೇಗ ಹತ್ತುಮಡಿಯಾಯಿತು. ನ್ಯಾಯಾಲಯದ ವೇಗ ಮಾತ್ರ ಇದ್ದಲ್ಲಿಯೇ ಇದ್ದಿತು. ಲಿವರ್‌ಪೂಲಿನ ಅರಳೆಯವರೂ ಲಂಡನ್ನಿನ ಧಾನ್ಯದವರೂ ಸಕ್ಕರೆಯವರೂ ತಂತಮ್ಮ ಸಂಘಗಳನ್ನು ಕಟ್ಟಿಕೊಂಡು, ಒಪ್ಪಂದದ ಅಚ್ಚಾದ ನಮೂನೆಯಲ್ಲಿಯೇ ಮಧ್ಯಸ್ಥಿಕೆಯ ಕಲಮೊಂದನ್ನು ಸೇರಿಸಿದರು. ತಕರಾರು ಎದ್ದರೆ ಉಭಯ ಪಕ್ಷದವರೂ ಅದೇ ಕಸುಬಿನ ಒಬ್ಬೊಬ್ಬನನ್ನು ಹೆಸರಿಸುವರು. ಆ ಇಬ್ಬರು ಗೋಧಿಯ ಮಾದರಿಯನ್ನು ಅಂಗೈಯಲ್ಲಿ ಹರಡಿ, ಕಣ್ಣಿಗೆ ಹಿಡಿದು, ಮೂಗಿಗೆ ಹಿಡಿದು, ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡಿ, ಟನ್ನಿಗೆ ಇಷ್ಟು ಬೆಲೆ ಇಳಿಸತಕ್ಕದ್ದೆಂದು ಬರೆದುಕೊಟ್ಟರೆ ಅಲ್ಲಿಗೆ ಮುಗಿಯಿತು. ಅವರಿಗೆ ಒಮ್ಮತ ಬರದಿದ್ದರೆ ಮೂರನೆಯವನೊಬ್ಬನ ಮಾತು. ಅಲ್ಲಿ ವಕೀಲನಿಗೆ ಕೆಲಸವಿರಲಿಲ್ಲ. 1892ರಲ್ಲಿ ಸಿಟಿಯ ಅಧಿಕಾರಿಗಳೇ ಮುಂದೆ ನಿಂತು ಲಂಡನ್ನಿನಲ್ಲಿ ಮಧ್ಯಸ್ಥಿಕೆಯ ಮಂದಿರವೊಂದನ್ನು ತೆರೆದಾಗ ಟೆಂಪಲಿನ ಓಣಿಗಳಲ್ಲಿ ನಿಜವಾದ ಕಳವಳ ಹುಟ್ಟಿತು.

ಆ ಕಳವಳಕ್ಕೆ ಕಿಚ್ಚು ಹಚ್ಚಿದುದು ಒಂದು ಮುರಿದ ಹಡಗು. ‘ಸರ್ ವಾಲ್ಟರ್ ರಾಲಿ’ ಎಂಬ ಹಡಗು ಫ್ರಾನ್ಸಿನ ಬೂಲೋನ್ ಬಳಿ ನೆಲಹತ್ತಿತು. ಸರಕನ್ನು ಉಳಿಸಲು ಆದ ಖರ್ಚನ್ನು ಹಡಗಿನವರೂ ಸರಕಿನವರೂ ಯಾವ ಪ್ರಮಾಣದಲ್ಲಿ ಹಂಚಿಕೊಳ್ಳಬೇಕೆಂಬ ಸಮಸ್ಯೆ, ಜನರಲ್ ಆವರೇಜ್ ಎಂದು ನಾವಿಕರು ಕರೆಯುವ ಆ ಲೆಕ್ಕಾಚಾರ, ವ್ಯಾಪಾರಶಾಸ್ತ್ರದಲ್ಲಿ ಬಹಳ ತೊಡಕಿನದು. ವ್ಯಾಜ್ಯ 1891ರಲ್ಲಿ ವಿಚಾರಣೆಗೆ ಬಂದದ್ದು ಜೆ. ಸಿ. ಲಾರೆನ್ಸ್ ಎಂಬ ನ್ಯಾಯಾಧೀಶರ ಮುಂದೆ. ಈ ಆರು ಅಡಿಗೂ ಮೀರಿದ ಆಳನ್ನು ವಕೀಲರು ‘ಉದ್ದನೆಯ ಲಾರೆನ್ಸ್’ ಎಂದು ಕರೆಯುತ್ತಿದ್ದರು. ಆ ಉದ್ದಕ್ಕೆ ಸಮನಾದ ಶಾಸ್ತ್ರಜ್ಞಾನ ಅವರಿಗಿರಲಿಲ್ಲವೆಂಬುದನ್ನು ಆ ಪರಂಪರೆಯ ನ್ಯಾಯಾಧೀಶ ಮ್ಯಾಕಿನನ್ನರು ಮುಪ್ಪಿನಲ್ಲಿ ನಿಸ್ಸಂಕೋಚವಾಗಿಯೇ ಬರೆದಿಟ್ಟಿದ್ದಾರೆ. ದಿನಗಟ್ಟಲೆ ವಾದ ಕೇಳಿ, ತಿಂಗಳುಗಟ್ಟಲೆ ತೀರ್ಪನ್ನು ಕಾದಿರಿಸಿ, ನೆನಪಿಸಿದ ಮೇಲೆ ಬಂದು ಕುಳಿತ ಅವರು ಉಚ್ಚರಿಸಿದ ನಿರ್ಣಯದಲ್ಲಿ ವಾದದ ತಿರುಳಿಗೆ ಉತ್ತರವೇ ಇರಲಿಲ್ಲ. ಸಿಟಿ ಕೆರಳಿತು. ವಾಣಿಜ್ಯಕ್ಕೆಂದೇ ಬೇರೆ ನ್ಯಾಯಪೀಠ ಬೇಕೆಂಬ ಕೂಗು ಮೊದಲೇ ಇದ್ದಿತಾದರೂ, ನ್ಯಾಯಾಧೀಶರೆಲ್ಲರೂ ಎಲ್ಲ ಮೊಕದ್ದಮೆಗಳಿಗೂ ಸಮಾನವಾಗಿ ಯೋಗ್ಯರೆಂಬ ಗೌರವಾನ್ವಿತ ಮಿಥ್ಯೆಯನ್ನು ಬಿಟ್ಟುಕೊಡಲು ಮುಖ್ಯ ನ್ಯಾಯಾಧೀಶ ಕೋಲ್‌ರಿಜ್ ಪ್ರಭು ಒಪ್ಪಿರಲಿಲ್ಲ. 1894ರಲ್ಲಿ ಅವರು ತೀರಿಕೊಂಡರು. 1895ರ ಮಾರ್ಚಿನಲ್ಲಿ ವಾಣಿಜ್ಯ ನ್ಯಾಯಾಲಯದ ಕಲಾಪ ಆರಂಭವಾಯಿತು. ವಾಸ್ತವದಲ್ಲಿ ಅದು ಹೊಸ ನ್ಯಾಯಾಲಯವಲ್ಲ. ನ್ಯಾಯಾಧೀಶರು ಹೊರಡಿಸಿದ ಒಂದು ಪ್ರಕಟನೆ, ಬೇರೆಯಾಗಿ ಇಟ್ಟ ಒಂದು ಪಟ್ಟಿ, ಆ ಪಟ್ಟಿಗೆಂದು ಗೊತ್ತುಮಾಡಿದ ಒಬ್ಬ ನ್ಯಾಯಾಧೀಶ, ಇಷ್ಟೇ. ಶಾಸನದಲ್ಲಿ ಅದಕ್ಕೆ ಸ್ಥಾನ ಸಿಕ್ಕಿದುದು 1970ರಲ್ಲಿ.

ಆ ಪಟ್ಟಿಯ ಮೊದಲ ನ್ಯಾಯಾಧೀಶನಾದ ಜೇಮ್ಸ್ ಚಾರ್ಲ್ಸ್ ಮ್ಯಾಥ್ಯೂ ದೀರ್ಘವಾದ ಅರ್ಜಿಕೈಫಿಯತ್ತುಗಳನ್ನು ಸಹಿಸುತ್ತಿರಲಿಲ್ಲ. ಉಭಯ ವಕೀಲರನ್ನೂ ಮೊದಲೇ ಕರೆಯಿಸಿ, ನಿಮ್ಮ ನಡುವೆ ನಿಜವಾಗಿ ಇರುವ ಭೇದವೇನೆಂದು ಕೇಳಿ, ಅದನ್ನು ಕೆಲವೇ ಸಾಲುಗಳಲ್ಲಿ ಬರೆಯಿಸಿ, ನಿರ್ವಿವಾದವಾದ ಕಾಗದಪತ್ರಗಳಿಗೆ ಸಾಕ್ಷಿ ತರುವ ಕರ್ಮಠತನವನ್ನು ಬಿಡಿಸಿ, ವಿಚಾರಣೆಗೆ ಹತ್ತಿರದ ವಾಯಿದೆಯನ್ನು ಗೊತ್ತುಪಡಿಸುವನು. ವರ್ಷಗಟ್ಟಲೆ ಎಳೆಯುತ್ತಿದ್ದ ವ್ಯಾಜ್ಯಗಳು ವಾರಗಳಲ್ಲಿ ಮುಗಿಯತೊಡಗಿದುವು.

ಹೀಗೆ ಉದ್ಭವಿಸಿದ ವಾಣಿಜ್ಯ ಬ್ಯಾರಿಸ್ಟರನ ವೃತ್ತಿಜೀವನಕ್ಕೆ ವಿಧಿಗಳೂ ಮಡಿಗಳೂ ಬಹಳ. ಮೊದಲು ಇನ್ ಎಂದು ಕರೆಯುವ ನಾಲ್ಕು ವಕೀಲಸಂಘಗಳಲ್ಲಿ ಒಂದಕ್ಕೆ ಸೇರಿ, ನಿಯಮಿತ ಸಂಖ್ಯೆಯ ಭೋಜನಗಳನ್ನು ಅದರ ಸಭಾಂಗಣದಲ್ಲಿ ಉಣ್ಣಬೇಕಾಗಿತ್ತು. ಪರೀಕ್ಷೆಗೂ ಮಿಗಿಲಾಗಿ ಪಂಕ್ತಿಗೆ ಪ್ರಾಧಾನ್ಯ ಕೊಟ್ಟ ವಿದ್ಯಾಭ್ಯಾಸ ಅದು. ಅನಂತರ ಹಿರಿಯನೊಬ್ಬನ ಕೊಠಡಿಯಲ್ಲಿ ಶಿಷ್ಯವೃತ್ತಿ. ವರ್ಷಕ್ಕೆ ನೂರು ಗಿನಿಗಳ ಗುರುದಕ್ಷಿಣೆಯನ್ನು ಮೊದಲೇ ಒಪ್ಪಿಸುವ ವಾಡಿಕೆ ಬಹುಕಾಲ ನಡೆದುಬಂದಿತು. ಬ್ಯಾರಿಸ್ಟರನು ಕಕ್ಷಿದಾರನೊಡನೆ ನೇರವಾಗಿ ವ್ಯವಹರಿಸುವಂತಿರಲಿಲ್ಲ. ಸಾಲಿಸಿಟರನೆಂಬ ಇನ್ನೊಂದು ವರ್ಗದ ವಕೀಲನು ಸಂಗತಿಗಳನ್ನೆಲ್ಲ ಬರೆದು, ಹಾಳೆಗಳನ್ನು ಉದ್ದುದ್ದವಾಗಿ ಮಡಿಸಿ, ನಸುಗೆಂಪು ದಾರದಿಂದ ಕಟ್ಟಿ ಕಳುಹಿಸುತ್ತಿದ್ದನು. ಆ ಕಟ್ಟಿನ ಬೆನ್ನಿನ ಮೇಲೆ ವ್ಯಾಜ್ಯದ ಹೆಸರು, ವಕೀಲನ ಹೆಸರು, ಅದರ ಕೆಳಗೆ ಗಿನಿಗಳ ಲೆಕ್ಕದಲ್ಲಿ ಶುಲ್ಕ ಬರೆದಿರುತ್ತಿತ್ತು. ಈ ಅಂಕಿಯನ್ನು ಕುರಿತು ಬ್ಯಾರಿಸ್ಟರನು ಬಾಯಿ ಬಿಡುವಂತಿರಲಿಲ್ಲ. ಚೌಕಾಸಿಯೆಲ್ಲ ಅವನ ಗುಮಾಸ್ತನದು. ಹುಡುಗನಾಗಿ ಕಡತ ಹೊರುವುದಕ್ಕೆ ಸೇರಿ, ಕಡೆಗೆ ಯಾವ ವಕೀಲನಿಗೆ ಯಾವ ಕಟ್ಟು ಹೋಗಬೇಕೆಂಬುದನ್ನು ನಿರ್ಧರಿಸುವ ಸ್ಥಿತಿಗೆ ಬರುತ್ತಿದ್ದ ಈ ಗುಮಾಸ್ತನು ಶುಲ್ಕದಲ್ಲಿ ಪಾಲುದಾರನಾದುದರಿಂದ, ಕೆಲವೊಮ್ಮೆ ತನ್ನ ಯಜಮಾನರಲ್ಲಿ ಕಿರಿಯರಾದವರಿಗಿಂತ ಹೆಚ್ಚು ಸಂಪಾದಿಸುತ್ತಿದ್ದುದೂ ಉಂಟು. ಬ್ಯಾರಿಸ್ಟರನ ಶುಲ್ಕವು ಸಂಬಳವಾಗಿರದೆ ಗೌರವಧನವಾಗಿತ್ತು. ಬಾರದಿದ್ದರೆ ಅದಕ್ಕಾಗಿ ದಾವೆ ಹೂಡುವ ಹಕ್ಕು 1990ರ ವರೆಗೂ ಅವನಿಗಿರಲಿಲ್ಲ. ಪರರ ಬಾಕಿಗಳಿಗಾಗಿ ದಿನವಿಡೀ ವಾದಿಸುವವನಿಗೆ ತನ್ನ ಬಾಕಿಯನ್ನು ಕೇಳುವ ಅಧಿಕಾರವಿಲ್ಲದಿದ್ದುದು ಆ ವೃತ್ತಿಯ ಅನೇಕ ವಿಲಕ್ಷಣಗಳಲ್ಲಿ ಒಂದು.

ಮೊದಲ ವರ್ಷಗಳಲ್ಲಿ ಕಟ್ಟುಗಳು ಬರುವುದಿಲ್ಲ. ಬಾರದ ಕಾಲವನ್ನು ಹೇಗೆ ಕಳೆದನೆಂಬುದರ ಮೇಲೆಯೇ ಅನೇಕರ ಭವಿಷ್ಯ ನಿಂತಿತು. ಹಡಗಿನ ಯಜಮಾನನ ಮಗನಾದ ಥಾಮಸ್ ಎಡ್ವರ್ಡ್ ಸ್ಕ್ರಟನ್, ಹಡಗಿನ ಬಾಡಿಗೆಪತ್ರಗಳನ್ನೂ ಸರಕಿನ ರಸೀದಿಗಳಾದ ಬಿಲ್ ಆಫ್ ಲೇಡಿಂಗುಗಳನ್ನೂ ಕುರಿತು ಆ ಬಿಡುವಿನಲ್ಲಿ ಒಂದು ಗ್ರಂಥವನ್ನು ಬರೆದು 1886ರಲ್ಲಿ ಪ್ರಕಟಿಸಿದನು. ಅದು ಪರಿಷ್ಕೃತವಾಗುತ್ತ ಇಂದಿಗೂ ವಕೀಲರ ಮೇಜಿನ ಮೇಲಿದೆ. ಅವನ ಕೊಠಡಿಯಲ್ಲಿ ಶಿಷ್ಯರಾಗಿದ್ದ ಆಟ್ಕಿನ್, ರೈಟ್, ಮ್ಯಾಕಿನನ್ ಮೂವರೂ ಮುಂದೆ ನ್ಯಾಯಪೀಠಗಳನ್ನು ಅಲಂಕರಿಸಿದರು. ಅವರಲ್ಲಿ ಆಟ್ಕಿನ್ನನು ಸಹ ಬಹಳ ಕಾಲ ಕೆಲಸವಿಲ್ಲದೆ ನ್ಯಾಯಾಲಯಗಳ ಹಿಂದಿನ ಬೆಂಚುಗಳಲ್ಲಿ ಕುಳಿತು ಇತರರ ವಾದವನ್ನು ಕೇಳಿದವನೇ. ರೂಫಸ್ ಐಸಾಕ್ಸ್‌ನ ದಾರಿ ಬೇರೆ. ಹಣ್ಣಿನ ವ್ಯಾಪಾರಿಯ ಮಗನಾದ ಅವನು ಹದಿಹರೆಯದಲ್ಲಿ ಹಡಗಿನ ಹುಡುಗನಾಗಿ ಕಲ್ಕತ್ತೆಗೆ ಬಂದು ಹಿಂದಿರುಗಿ, ಷೇರು ಪೇಟೆಯಲ್ಲಿ ದಲ್ಲಾಳಿಯಾಗಿ, 1884ರಲ್ಲಿ ದಿವಾಳಿಯೆದ್ದು ಹೊರಬಿದ್ದು, 1887ರಲ್ಲಿ ಮಿಡ್ಲ್ ಟೆಂಪಲಿನ ಬ್ಯಾರಿಸ್ಟರನಾದನು. ಪೇಟೆಯಲ್ಲಿ ಕಳೆದುಕೊಂಡ ಹಣದಿಂದ ಅವನು ಕಲಿತುದೇನೆಂಬುದು ವಾಣಿಜ್ಯ ನ್ಯಾಯಾಲಯದಲ್ಲಿ ಗೋಚರವಾಯಿತು. ಲೆಕ್ಕದ ಪುಸ್ತಕಗಳನ್ನು ಮುಂಜಾನೆ ಕತ್ತಲೆಯಲ್ಲಿಯೇ ಎದ್ದು ಓದಿ, ಅಂಕಿಗಳನ್ನು ಕಾಗದವಿಲ್ಲದೆ ಹೇಳುತ್ತ ಸಾಕ್ಷಿಗಳನ್ನು ಪಾಟೀಸವಾಲಿನಲ್ಲಿ ಕಟ್ಟಿಹಾಕುವ ಅವನ ಸಾಮರ್ಥ್ಯಕ್ಕೆ ಎದುರಿರಲಿಲ್ಲ. ನಾಲ್ಕು ದಶಕಗಳ ಹಿಂದೆ ಹಡಗಿನ ಹುಡುಗನಾಗಿ ಕಂಡಿದ್ದ ದೇಶಕ್ಕೆ 1921ರಲ್ಲಿ ಅವನು ಬಂದದ್ದು ವೈಸ್‌ರಾಯ್ ರೆಡಿಂಗ್ ಪ್ರಭುವಾಗಿ.

ಭಾರತೀಯರ ಪೈಕಿ ಮೊದಲು ಬ್ಯಾರಿಸ್ಟರ್ ಪದವಿಯನ್ನು ಪಡೆದ ಜ್ಞಾನೇಂದ್ರಮೋಹನ ಠಾಕೂರರು 1862ರಲ್ಲಿ ಲಿಂಕನ್ಸ್ ಇನ್‌ನಿಂದ ಬಂದರು. ಇನ್ನರ್ ಟೆಂಪಲಿನಿಂದ 1891ರಲ್ಲಿ ಬಂದವರು ಮೋಹನದಾಸ ಗಾಂಧಿ. ಅವರ ವಕೀಲಿಯ ಬುನಾದಿ ಒಂದು ವಾಣಿಜ್ಯ ವ್ಯಾಜ್ಯವೆಂಬುದನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ. 1893ರಲ್ಲಿ ದಾದಾ ಅಬ್ದುಲ್ಲಾ ಸಂಸ್ಥೆಯವರು ಅವರನ್ನು ದಕ್ಷಿಣ ಆಫ್ರಿಕಕ್ಕೆ ಕರೆಯಿಸಿಕೊಂಡದ್ದು ತಮ್ಮ ಬಂಧುವೇ ಆದ ತೈಯಬ್ ಸೇಠರ ಮೇಲೆ ಪ್ರಿಟೋರಿಯದಲ್ಲಿ ಹೂಡಿದ್ದ 40,000 ಪೌಂಡಿನ ದಾವೆಗೆ ಸಹಾಯಕರಾಗಿ. ಅಲ್ಲಿಗೆ ಹೋದ ಬ್ಯಾರಿಸ್ಟರರಿಗೆ ಜಮಾಖರ್ಚು ತಿಳಿಯದು. ಕಾಗದಗಳಲ್ಲಿ ಮತ್ತೆಮತ್ತೆ ಬರುತ್ತಿದ್ದ ‘ಪಿ. ನೋಟ್’ ಎಂದರೆ ಪ್ರಾಮಿಸರಿ ನೋಟೆಂಬುದನ್ನು ಕೂಡ ಅಂಗಡಿಯ ಗುಮಾಸ್ತನಿಂದ ಕೇಳಿ ತಿಳಿಯಬೇಕಾಯಿತು. ಲೆಕ್ಕ ಬರೆಯುವ ವಿದ್ಯೆಯ ಪುಸ್ತಕವೊಂದನ್ನು ಕೊಂಡು ಓದಿ, ಮೊಕದ್ದಮೆಯ ಸಂಗತಿಗಳಲ್ಲಿ ಪೂರ್ತಿ ಮುಳುಗಿದ ಮೇಲೆ ಅವರಿಗೆ ಕಂಡದ್ದು ಎರಡು: ತಮ್ಮ ಕಕ್ಷಿದಾರನ ಪಕ್ಷ ಬಲವಾಗಿದೆ, ಆದರೆ ವಕೀಲರ ಶುಲ್ಕವೇ ಇಬ್ಬರನ್ನೂ ನುಂಗಿಹಾಕಲಿದೆ. ಉಭಯರನ್ನೂ ಒಪ್ಪಿಸಿ ಮಧ್ಯಸ್ಥನ ಮುಂದೆ ತಂದರು. ದಾದಾ ಅಬ್ದುಲ್ಲಾ ಗೆದ್ದರು. 37,000 ಪೌಂಡನ್ನೂ ಖರ್ಚನ್ನೂ ಒಂದೇ ಸಲಕ್ಕೆ ಕೊಡಬೇಕಾದರೆ ತೈಯಬ್ ಸೇಠರು ದಿವಾಳಿಯಾಗುವುದು ಖಂಡಿತವಿದ್ದುದರಿಂದ, ದೀರ್ಘ ಕಾಲದ ಕಂತುಗಳಿಗೆ ಗೆದ್ದವನನ್ನು ಒಪ್ಪಿಸುವುದು ಮಧ್ಯಸ್ಥಿಕೆಗೆ ಒಪ್ಪಿಸುವುದಕ್ಕಿಂತಲೂ ಕಷ್ಟವಾಯಿತೆಂದು ಗಾಂಧಿಯವರೇ ಬರೆದಿದ್ದಾರೆ. ಟೆಂಪಲಿನ ಪಂಕ್ತಿಭೋಜನ ಕಲಿಸದ ವಿದ್ಯೆ ಅದು.

ಇತ್ತ ಲಂಡನ್ನಿನಲ್ಲಿ ಮಧ್ಯಸ್ಥಿಕೆಯೂ ನ್ಯಾಯಾಲಯವೂ ಪರಸ್ಪರ ಸೆಣಸುತ್ತಲೇ ಇದ್ದುವು. ಸಕ್ಕರೆಯ ವರ್ತಕರ ಸಂಘವೊಂದು ತನ್ನ ನಿಯಮಗಳಲ್ಲಿ, ಮಧ್ಯಸ್ಥರ ಮುಂದಿರುವ ಕಾನೂನಿನ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಒಯ್ಯುವಂತಿಲ್ಲವೆಂದು ಬರೆದುಕೊಂಡಿತ್ತು. 1922ರಲ್ಲಿ ಅಪೀಲು ನ್ಯಾಯಾಲಯ ಆ ನಿಯಮವನ್ನು ಅಸಿಂಧುವೆಂದು ತಳ್ಳಿಹಾಕಿತು. ಪೀಠದಲ್ಲಿದ್ದ ಸ್ಕ್ರಟನ್, ರಾಜನ ಕಾನೂನು ಸಲ್ಲದ ಆಲ್ಸೇಷಿಯ ಎಂಬುದು ಇಂಗ್ಲೆಂಡಿನಲ್ಲಿ ಇರಕೂಡದೆಂದು ಗುಡುಗಿದನು. ಆಲ್ಸೇಷಿಯ ಎಂಬುದು ಟೆಂಪಲಿನ ಪೂರ್ವದ ಗೋಡೆಗೆ ಹತ್ತಿಕೊಂಡಿದ್ದ ಕೇರಿ. ಹದಿನೇಳನೆಯ ಶತಮಾನದ ಕೊನೆಯವರೆಗೂ ಸಾಲಗಾರರಿಗೂ ಪುಂಡರಿಗೂ ಆಶ್ರಯವಾಗಿದ್ದ ಅದರೊಳಕ್ಕೆ ವಾರಂಟು ಹಿಡಿದು ಹೋಗುವ ಧೈರ್ಯ ಅಮೀನರಿಗೆ ಇರಲಿಲ್ಲ. ಆ ತೀರ್ಪಿನ ಫಲವಾಗಿ ವಾಣಿಜ್ಯ ಕಾನೂನು ಶ್ರೀಮಂತವಾಯಿತು, ಅದರ ವಕೀಲರೂ ಆದರು. 1956ರಲ್ಲಿ ಸೂಯೆಜ್ ಕಾಲುವೆ ಮುಚ್ಚಿಹೋಗಿ, ಸೂಡಾನಿನ ಕಡಲೆಕಾಯಿಯನ್ನು ಆಫ್ರಿಕ ಖಂಡವನ್ನೇ ಸುತ್ತಿ ಹ್ಯಾಂಬರ್ಗಿಗೆ ಸಾಗಿಸಬೇಕೇ ಬೇಡವೇ ಎಂಬ ತಕರಾರು ಮಧ್ಯಸ್ಥರಿಂದ ಹೊರಟು, ಮೆಟ್ಟಲು ಮೆಟ್ಟಲಾಗಿ ಏರಿ 1961ರಲ್ಲಿ ಪ್ರಭುಗಳ ಸಭೆಯನ್ನು ಮುಟ್ಟಿತು. ದಾರಿ ದೂರವಾದ ಮಾತ್ರಕ್ಕೆ ಕರಾರು ಮುರಿಯುವುದಿಲ್ಲವೆಂಬುದು ತೀರ್ಪು. ಆದರೆ ಸಾಲ ತೀರಿಸಲೊಲ್ಲದವನು ಕಾಲವನ್ನು ದೂಡುವುದಕ್ಕಾಗಿಯೇ ಕಾನೂನಿನ ಪ್ರಶ್ನೆಗಳನ್ನು ಹುಟ್ಟಿಸುವುದು ವಾಡಿಕೆಯಾಯಿತು. ಬೇಸತ್ತ ಪರದೇಶದ ವರ್ತಕರು ಪ್ಯಾರಿಸಿನ ಕಡೆಗೆ, ಜಿನೀವಾದ ಕಡೆಗೆ ಮುಖಮಾಡಿದರು. ಆದಾಯ ಸೋರಿಹೋಗುವುದನ್ನು ಕಂಡ ಮೇಲೆ ಪಾರ್ಲಿಮೆಂಟಿಗೆ ವಿವೇಕ ಬಂದಿತು: 1979ರಲ್ಲಿ ಆ ದಾರಿಯನ್ನು ಇಕ್ಕಟ್ಟು ಮಾಡಿ, 1996ರಲ್ಲಿ ಹೊಸ ಶಾಸನವನ್ನೇ ತಂದು, ಕಕ್ಷಿದಾರರ ಒಪ್ಪಂದಕ್ಕೆ ಮನ್ನಣೆ ಕೊಟ್ಟಿತು. ಹಳೆಯ ಇಂಗ್ಲಿಷ್ ಮಾದರಿಯ 1940ರ ಕಾಯಿದೆಯನ್ನು ಹೊತ್ತು ಬಳಲಿದ್ದ ಭಾರತವೂ ಅದೇ 1996ರಲ್ಲಿ ಅದನ್ನು ಇಳಿಸಿತು.

ಈಗ ಫೆಟರ್ ಲೇನಿನ ರೋಲ್ಸ್ ಬಿಲ್ಡಿಂಗಿನಲ್ಲಿ 2011ರಿಂದ ನಡೆಯುತ್ತಿರುವ ವಾಣಿಜ್ಯ ನ್ಯಾಯಾಲಯವನ್ನು ಮ್ಯಾಥ್ಯೂ ಕಂಡರೆ ಏನೆನ್ನುತ್ತಿದ್ದನೋ! ಬೆರಿಜೊವ್‌ಸ್ಕಿಯು ಅಬ್ರಮೋವಿಚ್‌ನ ಮೇಲೆ ಹೂಡಿದ 500 ಕೋಟಿ ಡಾಲರಿಗೂ ಮೀರಿದ ದಾವೆಯಲ್ಲಿ ಉಭಯ ಕಕ್ಷಿದಾರರೂ ರಷ್ಯದವರು, ವ್ಯವಹಾರ ರಷ್ಯದ್ದು. 2012ರಲ್ಲಿ ವಾದಿಯ ಮಾತು ನಂಬತಕ್ಕುದಲ್ಲವೆಂದು ದಾವೆಯನ್ನು ವಜಾಮಾಡಿದವರು ಆ ಪೀಠವನ್ನೇರಿದ ಮೊದಲ ಮಹಿಳೆ ಎಲಿಜಬೆತ್ ಗ್ಲಾಸ್ಟರ್. ಪ್ರತಿವಾದಿಯ ಪರವಾಗಿ ನಿಂತವರು ನೂರು ವರ್ಷಗಳ ಯುದ್ಧದ ಇತಿಹಾಸಕಾರರೂ ಆದ ಜೊನಾಥನ್ ಸಂಪ್ಷನ್. ಹಿಟ್ಲರನಿಗೆ ಹೆದರಿ 1933ರಲ್ಲಿ ಬರ್ಲಿನ್ನಿನಿಂದ ಓಡಿಬಂದ ಬಾಲಕ ಮೈಕೇಲ್ ಕೆರ್ ಇದೇ ವೃತ್ತಿಯನ್ನು ಹಿಡಿದು ವಾಣಿಜ್ಯ ನ್ಯಾಯಾಧೀಶರಾಗಿ, ಬಳಿಕ, 1892ರಲ್ಲಿ ವಕೀಲರಿಂದ ಬಿಡುಗಡೆಗೆಂದು ತೆರೆದ ಆ ಮಂದಿರದ ಉತ್ತರಾಧಿಕಾರಿಯಾದ ಲಂಡನ್ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ನ್ಯಾಯಾಲಯಕ್ಕೆ ಅಧ್ಯಕ್ಷರಾದರು. ಅಲ್ಲಿ ಇಂದು ಮಧ್ಯಸ್ಥರಾಗಿ ಕೂರುವವರಲ್ಲಿ ಬಹುಮಂದಿ ಬ್ಯಾರಿಸ್ಟರರು, ಅಥವಾ ನಿವೃತ್ತ ನ್ಯಾಯಾಧೀಶರು, ವಾದಿಸುವವರೂ ಬ್ಯಾರಿಸ್ಟರರೇ. ವಾಣಿಜ್ಯ ನ್ಯಾಯಾಲಯಕ್ಕೆ ಈಗ ಬರುವ ಮೊಕದ್ದಮೆಗಳಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು, ಯಾವುದೋ ಮಧ್ಯಸ್ಥಿಕೆಯಿಂದ ಹುಟ್ಟಿದ್ದು.